ಹಡಗಿನ ಏಣಿಯಿಂದ ಊರ ಬಾಗಿಲಿಗೆ: ಮೆಡಿಟರೇನಿಯನ್ ಕ್ರೂಸಿನ ಗಂಟೆಗಳ ಲೆಕ್ಕ

ಕ್ರೂಸ್ ಕಂಪನಿಗಳ ವೇಳಾಪಟ್ಟಿಯಲ್ಲಿ ಊರಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಬಂದರಿನ ಹೆಸರು ಪಕ್ಕದಲ್ಲಿ ಸಣ್ಣಕ್ಷರದಲ್ಲಿ. ಓದಬೇಕಾದ್ದು ಆ ಸಣ್ಣಕ್ಷರವನ್ನೇ. ‘ರೋಮ್’ ಎಂದು ಬರೆದ ದಿನ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮಿಗೆ ರೈಲಿನಲ್ಲೇ ಹೆಚ್ಚುಕಡಿಮೆ ಒಂದು ಗಂಟೆ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ, ‘ಒಲಿಂಪಿಯಾ’ ಎಂದರೆ ಕಟಾಕೊಲೊ, ‘ವೆನಿಸ್’ ಎಂದರೆ ಈಗ ಬಹುಪಾಲು ರವೆನ್ನಾ ಅಥವಾ ಟ್ರಿಯೆಸ್ಟೆ. ಹಡಗು ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಈಜುಕೊಳ ಇವೆ ಎಂದು ಹೋಲಿಸುತ್ತ ಕೂರುವ ಬದಲು, ಏಣಿ ಇಳಿದ ಮೇಲೆ ಹಳೇ ಊರಿನ ಬಾಗಿಲು ಮುಟ್ಟಲು ಎಷ್ಟು ನಿಮಿಷ ಬೇಕು ಎಂಬುದನ್ನು ಪ್ರತಿ ಬಂದರಿನ ಎದುರು ಬರೆದಿಟ್ಟುಕೊಳ್ಳಿ. ಪ್ರವಾಸ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದೇ.

ಇಲ್ಲಿ ಹೇಳುತ್ತಿರುವುದು ಅಥೆನ್ಸಿನ ಬಂದರು ಪಿರೇಯಸ್‌ನಿಂದ ಹೊರಟು ಟರ್ಕಿಯ ಕುಶಾದಾಸಿ, ಗ್ರೀಸಿನ ಸ್ಯಾಂಟೊರಿನಿ, ಒಂದು ದಿನ ಪೂರ್ತಿ ಸಮುದ್ರ, ನಂತರ ಕೊರ್ಫು, ಮಾಂಟೆನೆಗ್ರೊದ ಕೊಟೊರ್, ಕ್ರೊಯೇಶಿಯಾದ ದುಬ್ರೊವ್ನಿಕ್ ಮುಟ್ಟಿ ಇಟಲಿಯ ರವೆನ್ನಾದಲ್ಲಿ ಇಳಿಯುವ ಏಳು ರಾತ್ರಿಗಳ ದಾರಿಯನ್ನು. ಬೇಸಿಗೆಯಲ್ಲಿ ಇಂಥ ದಾರಿಗಳು ಹಲವು ಸಿಗುತ್ತವೆ. ಒಂದೆರಡು ಬಂದರು ಹಿಂದುಮುಂದಾಗಬಹುದು, ಲೆಕ್ಕ ಬದಲಾಗುವುದಿಲ್ಲ.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್ ಹಿಡಿದು ಹೋಗುವವರು ಎಡವುವುದು ಇಲ್ಲೇ. ಮೇಲಿನ ದಾರಿಯನ್ನು ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಗಡಿಯ ಕಣ್ಣಿನಲ್ಲಿ ನೋಡಿ. ಅಥೆನ್ಸ್ ವಿಮಾನ ನಿಲ್ದಾಣದಲ್ಲಿ ಒಳಗೆ ಬಂದದ್ದು ಒಂದನೇ ಪ್ರವೇಶ. ಕುಶಾದಾಸಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ. ಮರುದಿನ ಸ್ಯಾಂಟೊರಿನಿ, ಎರಡನೇ ಪ್ರವೇಶ. ಕೊಟೊರ್‌ಗೆ ಹೋದರೆ ಮತ್ತೆ ಹೊರಗೆ. ಕ್ರೊಯೇಶಿಯಾ 2023ರ ಜನವರಿ 1ರಿಂದ ಷೆಂಗೆನ್ ಸೇರಿರುವುದರಿಂದ ದುಬ್ರೊವ್ನಿಕ್ ಮೂರನೇ ಪ್ರವೇಶ. ಅಂದರೆ ಒಂದು ಪ್ರವೇಶದ ವೀಸಾ ಇರಲಿ, ಎರಡು ಪ್ರವೇಶದ್ದೂ ಸಾಲದು; ಹಲವು ಪ್ರವೇಶದ್ದೇ ಬೇಕು. ಅರ್ಜಿಯಲ್ಲಿ ಅದನ್ನೇ ಗುರುತು ಹಾಕಿ, ಬಂದರುಗಳ ಪಟ್ಟಿ ಇರುವ ಕ್ರೂಸ್ ಬುಕಿಂಗ್ ಪತ್ರವನ್ನು ಲಗತ್ತಿಸಿ, ಜೊತೆಗಿಡುವ ಪತ್ರದಲ್ಲಿ ಈ ಮೂರು ಪ್ರವೇಶಗಳನ್ನು ದಿನಾಂಕ ಸಮೇತ ಬರೆಯಿರಿ. ವೀಸಾ ಕೈಗೆ ಬಂದ ಕೂಡಲೇ ಪ್ರವೇಶಗಳ ಸಂಖ್ಯೆಯ ಕಾಲಂ ನೋಡಿ. ಪಿರೇಯಸ್‌ನ ಚೆಕ್‌-ಇನ್ ಕೌಂಟರಿನವರು ನೋಡುವುದೂ ಅದನ್ನೇ. ಅಲ್ಲಿ ತಪ್ಪು ಕಂಡರೆ ಹಡಗು ಹತ್ತಿಸುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ಯಾವ ದೇಶಕ್ಕೆ ಅರ್ಜಿ ಹಾಕಬೇಕು? ಹೆಚ್ಚು ದಿನ ಇರುವ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಈ ದಾರಿಯಲ್ಲಿ ಎರಡೂ ಗ್ರೀಸೇ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ದೊಡ್ಡವರಿಗೆ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಲ್ಲಿ ಏಪ್ರಿಲ್-ಮೇ ಬಂತೆಂದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಆಗಸ್ಟಿನ ಕ್ರೂಸಿಗೆ ಫೆಬ್ರವರಿ ಕೊನೆಗೇ ಕಾಗದಪತ್ರ ಸಿದ್ಧವಿದ್ದರೆ ನೆಮ್ಮದಿ. ಮಾಂಟೆನೆಗ್ರೊಗೆ ಬೇರೆ ವೀಸಾ ಬೇಡ, ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಸಾಕು. ಟರ್ಕಿಯಲ್ಲಿ ಕ್ರೂಸಿನಲ್ಲಿ ಬಂದು ಅದೇ ಹಡಗಿನಲ್ಲಿ ಹೋಗುವವರಿಗೆ ಬಂದರಿನ ಅಧಿಕಾರಿಗಳ ಅನುಮತಿಯ ಮೇಲೆ ಅಲ್ಪಾವಧಿ ವಿನಾಯಿತಿ ಉಂಟು. ಆದರೂ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಆನ್‌ಲೈನಿನಲ್ಲೇ ಇ-ವೀಸಾ ಸಿಗುವುದರಿಂದ ಅದನ್ನು ಮಾಡಿಸಿಕೊಂಡೇ ಹೋಗುವುದು ಲೇಸು. ಹಡಗು ತಪ್ಪಿ ಅಲ್ಲೇ ಉಳಿದರೆ ವಿನಾಯಿತಿಯಿಂದ ಪ್ರಯೋಜನವಿಲ್ಲ, ಇ-ವೀಸಾ ಇದ್ದರೆ ವಿಮಾನ ಹತ್ತಬಹುದು.

ಇನ್ನು ದುಡ್ಡು. ಜಾಹೀರಾತಿನ ದರ ಬರೀ ಶುರು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ರಾತ್ರಿಗೆ ತಲೆಗಿಷ್ಟು ಎಂದು ಸೇವಾ ಶುಲ್ಕ, ಕುಡಿಯುವ ಪಾನೀಯ, ವೈ-ಫೈ, ಊರು ತೋರಿಸುವ ಟೂರು. 2025ರ ಜುಲೈಯಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರ ಮೇಲೆ ಇನ್ನೊಂದು ಕರ ಹಾಕಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ, ಮಿಕೊನೊಸ್‌ಗಳಲ್ಲಿ ಇಳಿದರೆ ತಲೆಗೆ 20 ಯೂರೋ, ಉಳಿದ ಬಂದರುಗಳಲ್ಲಿ 5. ಅದು ಸಾಮಾನ್ಯವಾಗಿ ಹಡಗಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ನಮ್ಮಲ್ಲಿ ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ಪ್ಯಾನ್ ಹೆಸರಿಗೆ ಜಮೆಯಾಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಕ್ಯಾಬಿನ್ ಬೀಗಕ್ಕೂ ಕಾಫಿ ಬಿಲ್ಲಿಗೂ ಒಂದೇ ಕಾರ್ಡು. ಮೊದಲ ದಿನ ಅದಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಜೋಡಿಸಬೇಕು. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಜೋಡಿಸಿದರೆ ಅಂದಾಜು ಖರ್ಚಿನಷ್ಟು ಹಣವನ್ನು ಮುಂಗಡವಾಗಿ ತಡೆಹಿಡಿಯುತ್ತಾರೆ. ಕ್ರೂಸ್ ಮುಗಿದು ಹಲವು ದಿನಗಳಾದರೂ ಅದು ಬಿಡುಗಡೆಯಾಗದೆ, ಊರೂರಿನಲ್ಲಿ ಖರ್ಚಿಗೆ ಇಟ್ಟುಕೊಂಡ ದುಡ್ಡೇ ಕೈಗೆ ಸಿಗದಂತಾಗುತ್ತದೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಆನ್ ಮಾಡಿ ಮಿತಿ ಏರಿಸಿಕೊಳ್ಳಿ.

ಕ್ಯಾಬಿನ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ: ಈ ದಾರಿಯಲ್ಲಿ ಹಗಲೆಲ್ಲ ಊರಿನಲ್ಲೇ ಇರುತ್ತೀರಿ, ಬಾಲ್ಕನಿಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಅಥೆನ್ಸಿನಲ್ಲಿ ಎರಡು ರಾತ್ರಿ ಉಳಿಯಬಹುದು. ಹಡಗಿನ ನಡುಭಾಗ, ಕೆಳಗಿನ ಡೆಕ್ ಆರಿಸಿ. ಹಡಗು ಮೂತಿಯಲ್ಲೂ ಬಾಲದಲ್ಲೂ ಹೆಚ್ಚು ತೂಗುತ್ತದೆ, ಮೇಲೆ ಹೋದಷ್ಟೂ ಹೊಯ್ದಾಟ ಜಾಸ್ತಿ. ನಾಟ್ಯಶಾಲೆ, ಡಿಸ್ಕೊ, ಬುಫೆಯ ಅಡುಗೆಮನೆ ಇವುಗಳ ನೇರ ಮೇಲೆ ಕೆಳಗೆ ಬರದಂತೆ ಡೆಕ್ ನಕ್ಷೆ ನೋಡಿಕೊಳ್ಳಿ. ಬೆಳಗಿನ ನಾಲ್ಕಕ್ಕೇ ಬುಫೆಯ ಕುರ್ಚಿಗಳನ್ನು ಎಳೆಯುವ ಸದ್ದು ಶುರುವಾಗುತ್ತದೆ.

ಹಡಗು ಹೊರಡುವ ದಿನವೇ ಅಥೆನ್ಸಿಗೆ ವಿಮಾನದಲ್ಲಿ ಇಳಿಯುವ ಯೋಜನೆ ಬೇಡ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಕೊಲ್ಲಿಯಲ್ಲೋ ಬೇರೆಲ್ಲೋ ಬದಲಿಸಬೇಕು. ಒಂದು ತಪ್ಪಿದರೆ ಹಡಗು ಕಾಯುವುದಿಲ್ಲ. ಜೊತೆಗೆ 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ಹೊಸ ದಾಖಲೆ ವ್ಯವಸ್ಥೆ ಶುರುವಾಗಿದೆ; ಮೊದಲ ಸಲ ಬರುವವರ ಬೆರಳಚ್ಚು, ಮುಖದ ಫೋಟೊ ತೆಗೆಯುವುದರಿಂದ ಸಾಲು ನಿಧಾನ. ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು, ಮುಂಚೆಯೇ ಇರಿ. ಅಥೆನ್ಸಿನ ಗುಡ್ಡದ ಮೇಲಿನ ಪುರಾತನ ದೇಗುಲಗಳ ತಾಣ ಆಕ್ರೊಪೊಲಿಸ್‌ಗೆ ಈಗ ಗಂಟೆ ನಿಗದಿಯಾದ ಟಿಕೆಟ್ಟು, 2025ರ ಏಪ್ರಿಲ್‌ನಿಂದ 30 ಯೂರೋ. ಬೆಳಗಿನ ಎಂಟರ ಸಮಯವನ್ನೇ ಹಿಡಿಯಿರಿ. ಬಿಸಿಗಾಳಿ ಹೆಚ್ಚಾದ ದಿನಗಳಲ್ಲಿ ನಡುಹಗಲಿನ ಕೆಲವು ಗಂಟೆ ಬಾಗಿಲನ್ನೇ ಮುಚ್ಚುತ್ತಾರೆ. ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೂರನೇ ಮೆಟ್ರೊ ಮಾರ್ಗ ನೇರವಾಗಿ ಬರುತ್ತದೆ, ಹತ್ತಿರ ಹತ್ತಿರ ಒಂದು ಗಂಟೆಯ ದಾರಿ. ಕೊನೆಯ ನಿಲ್ದಾಣ ದಿಮೊಟಿಕೊ ಥಿಯಾಟ್ರೊ ಕ್ರೂಸ್ ಟರ್ಮಿನಲ್‌ಗಳಿಗೆ ಹತ್ತಿರ. ಆದರೂ ಜುಲೈ ಬಿಸಿಲಿನಲ್ಲಿ ಸೂಟ್‌ಕೇಸ್ ಎಳೆಯುವಷ್ಟು ಹತ್ತಿರವಲ್ಲ, ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

ಹತ್ತುವ ದಿನದ ಕ್ರಮ ಹೀಗೆ. ಆನ್‌ಲೈನ್ ಚೆಕ್‌-ಇನ್ ಮಾಡಿದಾಗ ಹತ್ತುವ ಸಮಯ ಕೊಡುತ್ತಾರೆ, ಲಗೇಜಿಗೆ ಕಟ್ಟುವ ಚೀಟಿ ಬರುತ್ತದೆ. ಅದನ್ನು ಮುದ್ರಿಸಿ, ಅಂಟುಪಟ್ಟಿಯಿಂದ ಪೂರ್ತಿ ಸುತ್ತಿ ಕಟ್ಟಿ. ಟರ್ಮಿನಲ್ ಬಾಗಿಲಲ್ಲಿ ದೊಡ್ಡ ಪೆಟ್ಟಿಗೆ ಕೊಟ್ಟರೆ ಅದು ಕ್ಯಾಬಿನ್ ಸೇರುವುದು ಸಂಜೆಗೆ. ಹಾಗಾಗಿ ಪಾಸ್‌ಪೋರ್ಟ್, ಮಾತ್ರೆಗಳು, ಚಾರ್ಜರ್, ಒಂದು ಜೊತೆ ಬಟ್ಟೆ ಹೆಗಲ ಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಸ್ಕ್ಯಾನರಿನಲ್ಲಿ ಕಂಡರೆ ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಬೆಳಗ್ಗೆ ಡಿಕಾಕ್ಷನ್ ಇಲ್ಲದೆ ಆಗದವರು ಇನ್‌ಸ್ಟಂಟ್ ಕಾಫಿಪುಡಿ ಒಯ್ದು ಬುಫೆಯ ಬಿಸಿನೀರಿನಲ್ಲಿ ಕದಡಿಕೊಳ್ಳಬೇಕಷ್ಟೆ.

ತಿಂಡಿಯ ಮಾತಿಗೆ ಬಂದರೆ, ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಧಾರವಾಡ ಪೇಡೆ ಅಥೆನ್ಸಿನ ಕಸ್ಟಮ್ಸ್ ದಾಟುವ ಪದಾರ್ಥವಲ್ಲ. ಚಟ್ನಿಪುಡಿ, ಚೂಡಾ, ಚಕ್ಕುಲಿಗೆ ತಕರಾರಿಲ್ಲ. ಸಸ್ಯಾಹಾರ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕಾದವರು ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಿ, ಹತ್ತಿದ ಸಂಜೆ ಊಟದ ಹಾಲಿನ ಮುಖ್ಯಸ್ಥರನ್ನು ಕಂಡು ಮತ್ತೆ ಹೇಳಬೇಕು. ಹಿಂದಿನ ರಾತ್ರಿಯೇ ಮರುದಿನದ ಪದಾರ್ಥ ಕೇಳಿ ಬರೆದುಕೊಳ್ಳುತ್ತಾರೆ. ಮಂಗಳೂರು, ಕಾರವಾರ, ಗೋವಾ ಕಡೆಯ ಹುಡುಗರು ಕ್ರೂಸ್ ಹಡಗುಗಳ ಅಡುಗೆಮನೆಗಳಲ್ಲಿ ಬಹಳ ಹಿಂದಿನಿಂದ ಇದ್ದಾರೆ. ಕನ್ನಡದಲ್ಲೋ ಕೊಂಕಣಿಯಲ್ಲೋ ಒಂದು ಮಾತಾಡಿದರೆ ಮೆನುವಿನಲ್ಲಿಲ್ಲದ ಬೇಳೆಸಾರು ಬರುವುದೂ ಉಂಟು.

ಹೊರಡುವ ಮುಂಚೆ ತುರ್ತು ತಾಲೀಮು ಕಡ್ಡಾಯ. 2012ರ ಜನವರಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಇಟಲಿಯ ದಡದಲ್ಲಿ ಮಗುಚಿದಾಗ, ಆಗಷ್ಟೇ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ತಾಲೀಮೇ ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆ ಮೇಲೆ. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲೋ ಟಿವಿಯಲ್ಲೋ ವಿಡಿಯೊ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯಿತು. ತುರ್ತು ಸೂಚನೆ ಎಂದರೆ ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ, ಇಷ್ಟು ನೆನಪಿರಲಿ. ಹಡಗು ದಡ ಬಿಡುತ್ತಿದ್ದಂತೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ನಡುವೆ ಸಿಗ್ನಲ್ ಕಂಡರೆ ಅದು ಹಡಗಿನ ಸ್ವಂತ ಉಪಗ್ರಹ ಜಾಲ. ನೀವು ಕೊಂಡ ಯುರೋಪ್ ರೋಮಿಂಗ್ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಆಗುವ ಒಂದೆರಡು ಆ್ಯಪ್‌ಗಳೇ ಸಾವಿರಾರು ರೂಪಾಯಿ ನುಂಗುತ್ತವೆ.

ಕುಶಾದಾಸಿಯಲ್ಲಿ ಹಡಗನ್ನು ಧಕ್ಕೆಗೇ, ಅಂದರೆ ಹಡಗುಕಟ್ಟೆಗೇ, ಕಟ್ಟುತ್ತಾರೆ. ಟರ್ಮಿನಲ್ ದಾಟಿದರೆ ಪೇಟೆ. ನೋಡಬೇಕಾದ್ದು ಸುಮಾರು 20 ಕಿ.ಮೀ. ದೂರದ ಎಫೆಸಸ್ ಎಂಬ ಪಾಳುಬಿದ್ದ ಪುರಾತನ ನಗರ, ಬಸ್ಸಿನಲ್ಲಿ ಅರ್ಧ ಗಂಟೆ. ಅದಕ್ಕೆ ಎರಡು ಬಾಗಿಲು. ಗುಡ್ಡದ ಮೇಲಿನ ಬಾಗಿಲಲ್ಲಿ ಒಳಗೆ ಹೋಗಿ ಕೆಳಗಿನ ಬಾಗಿಲಲ್ಲಿ ಹೊರಬಂದರೆ ದಾರಿಯುದ್ದಕ್ಕೂ ಇಳಿಜಾರು. ಉಲ್ಟಾ ಹೋದರೆ ಬಿಸಿಲಲ್ಲಿ ಏರು. ಟ್ಯಾಕ್ಸಿಯವರು ಕೇಳದೆ ಇದ್ದರೆ ಕೆಳಗಿನ ಬಾಗಿಲಲ್ಲೇ ಬಿಟ್ಟುಬಿಡುತ್ತಾರೆ, ಹತ್ತುವಾಗಲೇ ಸ್ಪಷ್ಟವಾಗಿ ಹೇಳಿ. ಎರಡು ಸಾವಿರ ವರ್ಷದ ಕಾಲುಗಳು ತಿಕ್ಕಿದ ಅಮೃತಶಿಲೆ ಕನ್ನಡಿಯಂತೆ ನುಣುಪು, ಒಣಗಿದ್ದಾಗಲೂ ಜಾರುತ್ತದೆ. ಚಪ್ಪಲಿ ಬೇಡ, ಅಡಿಯಲ್ಲಿ ಗೀರುಗಳಿರುವ ರಬ್ಬರ್ ಶೂ ಇರಲಿ.

ಸೆಲ್ಸಸ್ ಗ್ರಂಥಾಲಯದ ಮುಂದೆ ಎಲ್ಲರೂ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಒಂದು ನಿಮಿಷ ನಿಂತು ಕಂಬಗಳನ್ನು ನೋಡಿ. ನಡುವಿನ ಕಂಬಗಳೂ ಅವುಗಳ ತಲೆಗಟ್ಟೂ ಅಂಚಿನವಕ್ಕಿಂತ ದೊಡ್ಡವು, ಕೆಳಗಿನ ಕಟ್ಟೆ ನಡುವಿನಲ್ಲಿ ತುಸು ಉಬ್ಬಿದೆ. ಅಕ್ಕಪಕ್ಕದ ಕಟ್ಟಡಗಳ ನಡುವೆ ಇಕ್ಕಟ್ಟಾಗಿ ಸಿಕ್ಕ ಜಾಗದಲ್ಲಿ ಕಟ್ಟಡ ಅಗಲವಾಗಿ ಕಾಣಲೆಂದು ಶಿಲ್ಪಿ ಮಾಡಿದ ಕಣ್ಕಟ್ಟು ಅದು. ರೋಮನ್ ಅಧಿಕಾರಿ ಸೆಲ್ಸಸ್‌ನ ನೆನಪಿಗೆ ಮಗ ಅಕ್ವಿಲಾ ಕಟ್ಟಿಸಲು ತೊಡಗಿದ್ದು ಕ್ರಿ.ಶ. ಎರಡನೇ ಶತಮಾನದಲ್ಲಿ, ಅಪ್ಪನ ಗೋರಿ ಕೆಳಗೇ ಇದೆ. ಈಗ ಎದ್ದು ನಿಂತಿರುವ ಮುಂಭಾಗವನ್ನು ಬಿದ್ದ ಕಲ್ಲುಗಳಿಂದ ಮತ್ತೆ ಜೋಡಿಸಿದ್ದು 1970ರ ದಶಕದಲ್ಲಿ. ಅಲ್ಲಿಂದ ಮುಂದೆ ದೊಡ್ಡ ರಂಗಮಂದಿರ, ಅದರ ಎದುರು ಬಂದರಿಗೆ ಹೋಗುವ ರಾಜಬೀದಿ. ಬೀದಿ ಇದೆ, ಬಂದರಿಲ್ಲ. ನದಿ ತಂದ ಹೂಳು ಸಮುದ್ರವನ್ನು ಹಲವು ಕಿಲೊಮೀಟರ್ ಆಚೆ ತಳ್ಳಿತು, ಊರು ಸತ್ತದ್ದೇ ಅದರಿಂದ. ಇಳಿಜಾರಿನ ಶ್ರೀಮಂತರ ಮನೆಗಳಿಗೆ ಬೇರೆ ಟಿಕೆಟ್ಟು. ನೆಲದ ಮೊಸಾಯಿಕ್, ಗೋಡೆಚಿತ್ರ ಇರುವುದು ಅಲ್ಲೇ, ಮೇಲೆ ಚಾವಣಿಯೂ ಇದೆ. ದುಡ್ಡು ಹೆಚ್ಚಾಯಿತು ಎನ್ನದೆ ಹೋಗಿ.

ಇಲ್ಲಿ ಸಮಯ ಹಾಳಾಗುವುದು ದಾರಿಯಲ್ಲಲ್ಲ, ಅಂಗಡಿಯಲ್ಲಿ. ಅಗ್ಗದ ಟೂರುಗಳಲ್ಲಿ ವಾಪಸಾಗುವಾಗ ಕಂಬಳಿ ನೇಯುವ ಅಥವಾ ಚರ್ಮದ ಅಂಗಡಿಗೆ ಕರೆದೊಯ್ದು ಒಂದು ಗಂಟೆ ಕೂರಿಸುತ್ತಾರೆ. ಕೊಳ್ಳುವ ಮುಂಚೆ ‘ಅಂಗಡಿ ಭೇಟಿ ಉಂಟಾ’ ಎಂದು ಬರವಣಿಗೆಯಲ್ಲಿ ಕೇಳಿ.

ಸ್ಯಾಂಟೊರಿನಿ ಈ ದಾರಿಯ ಅತ್ಯಂತ ಚೆಲುವಾದ, ಅಷ್ಟೇ ಮೋಸದ ಬಂದರು. ಸುಮಾರು 3,600 ವರ್ಷಗಳ ಹಿಂದೆ ಸ್ಫೋಟಿಸಿದ ಜ್ವಾಲಾಮುಖಿಯ ಬಾಯಲ್ಲಿ ಸಮುದ್ರ ತುಂಬಿಕೊಂಡಿದೆ. ನೀರು ತುಂಬಾ ಆಳ, ದೊಡ್ಡ ಹಡಗಿಗೆ ಧಕ್ಕೆಯಿಲ್ಲ. ಹಡಗು ನಡುನೀರಿನಲ್ಲಿ ನಿಲ್ಲುತ್ತದೆ, ಸ್ಥಳೀಯರ ಟೆಂಡರ್ ದೋಣಿಗಳು ಜನರನ್ನು ಹೊತ್ತು ಹಳೇ ಬಂದರಿಗೆ ಬಿಡುತ್ತವೆ. ಅಲ್ಲಿಂದ ಫಿರಾ ಪಟ್ಟಣ ಕಡಿದಾದ ಬಂಡೆಯ ನೆತ್ತಿಯಲ್ಲಿ. ಏರಲು ಇರುವುದು ಮೂರೇ ದಾರಿ: ಕೇಬಲ್ ಕಾರ್, ಸುಮಾರು 590 ಮೆಟ್ಟಿಲು, ಹೇಸರಗತ್ತೆ.

ಕೇಬಲ್ ಕಾರಿನ ಲೆಕ್ಕ ಹಾಕಿ. ಆರಾರು ಜನರ ಆರು ಡಬ್ಬಿ, ಒಂದು ಸಲಕ್ಕೆ 36 ಮಂದಿ, ಮೇಲೇರಲು ಸುಮಾರು ಮೂರು ನಿಮಿಷ. ಗಂಟೆಗೆ ಹೆಚ್ಚೆಂದರೆ 720 ಜನ. ದ್ವೀಪದವರು ದಿನಕ್ಕೆ ಕ್ರೂಸ್ ಪ್ರಯಾಣಿಕರ ಮಿತಿಯನ್ನು 8,000ಕ್ಕೆ ಕಟ್ಟಿಹಾಕಿದ್ದಾರೆ. ಆ ಎಂಟು ಸಾವಿರವೂ ಕೇಬಲ್ ಕಾರನ್ನೇ ಹಿಡಿದರೆ ಎಲ್ಲರೂ ಇಳಿಯಲು ಹನ್ನೊಂದು ಗಂಟೆ ದಾಟುತ್ತದೆ. ಅದರಲ್ಲೂ ಎಲ್ಲರಿಗೂ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೇ ಇಳಿಯಬೇಕಿರುತ್ತದೆ. ಫಿರಾದ ಓಣಿಗಳಲ್ಲಿ ಸಾಲು ಹನುಮಂತನ ಬಾಲದಂತೆ ಬೆಳೆಯುವುದು ಆಗಲೇ. ವೇಳಾಪಟ್ಟಿಯಲ್ಲಿ ‘7ರಿಂದ 5’ ಎಂದಿದ್ದರೆ ಹತ್ತು ಗಂಟೆ ಎಂದು ಭಾವಿಸಬೇಡಿ. ಅಧಿಕಾರಿಗಳ ಅನುಮತಿಗೆ ಅರ್ಧ ಗಂಟೆ, ಟೆಂಡರ್ ಚೀಟಿ ಹಿಡಿದು ಕಾಯಲು ಮುಕ್ಕಾಲು ಗಂಟೆ, ಏರಲು ಅರ್ಧ, ಇಳಿಯಲು ಒಂದೂವರೆ, ಕೊನೆಯ ಟೆಂಡರ್ ಹೊರಡುವುದು ಅರ್ಧದಿಂದ ಒಂದು ಗಂಟೆ ಮುಂಚೆ. ಕೈಗೆ ಉಳಿಯುವುದು ಆರು ಗಂಟೆ.

ಮೊದಲ ಟೆಂಡರುಗಳು ಹಡಗಿನ ಸ್ವಂತ ಟೂರ್ ಕೊಂಡವರಿಗೆ. ಅವರನ್ನು ಬೇರೆ ಬಂದರಾದ ಅಥಿನಿಯೋಸ್‌ನಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ, ವಾಪಸು ಮಾತ್ರ ಕೇಬಲ್ ಕಾರೇ. ತಾವೇ ಸುತ್ತುವವರಿಗೆ ನಮ್ಮ ಸಲಹೆ ಇದು: ಹಳೇ ಬಂದರಿನಲ್ಲೇ ದೋಣಿ-ಬಸ್ಸಿನ ಜೋಡಿ ಟಿಕೆಟ್ ಮಾರುತ್ತಾರೆ; ದೋಣಿಯಲ್ಲಿ ಓಯಾ ಊರಿನ ಕೆಳಗಿನ ರೇವಿಗೆ, ಅಲ್ಲಿಂದ ಬಸ್ಸಿನಲ್ಲಿ ಮೇಲಕ್ಕೆ, ಓಯಾ ಮುಗಿಸಿ ಬಸ್ಸಿನಲ್ಲಿ ಫಿರಾಕ್ಕೆ. ಬೆಳಗಿನ ಕೇಬಲ್ ಕಾರ್ ಸಾಲು ಹೀಗೆ ಪೂರ್ತಿ ತಪ್ಪುತ್ತದೆ. ಇಳಿಯುವಾಗ ಮಧ್ಯಾಹ್ನ ಒಂದೂವರೆಯೊಳಗೆ ಸಾಲಿಗೆ ನಿಲ್ಲಿ, ಇಲ್ಲವೇ ಮೆಟ್ಟಿಲಿಳಿಯಿರಿ. ಅರ್ಧ ಗಂಟೆ ಬೇಕು. ಹೇಸರಗತ್ತೆಗಳ ಲದ್ದಿಯಿಂದ ಕಲ್ಲು ಜಾರುತ್ತದೆ, ಅವು ಗುಂಪಾಗಿ ಎದುರು ಬಂದಾಗ ಗೋಡೆಯ ಬದಿಗೆ ಒತ್ತಿ ನಿಲ್ಲಬೇಕು. ಮೊಣಕಾಲು ನೋವಿನವರಿಗೆ ಇದು ಬೇಡ. ಹೇಸರಗತ್ತೆ ಸವಾರಿಯಂತೂ ಯಾರಿಗೂ ಬೇಡ. ಆ ಬಿಸಿಲಲ್ಲಿ ದಿನವಿಡೀ ಏರಿಳಿಯುವ ಪ್ರಾಣಿಗಳನ್ನು ನೋಡಿದರೆ ಕಾರಣ ಕೇಳಬೇಕಾಗಿಲ್ಲ.

ಈ ಬಂದರು ರದ್ದಾಗುವುದೂ ಉಂಟು. ಜುಲೈ-ಆಗಸ್ಟಿನಲ್ಲಿ ಏಜಿಯನ್ ಸಮುದ್ರದ ಮೇಲೆ ಬಡಗಣದಿಂದ ಮೆಲ್ಟೆಮಿ ಎಂಬ ಒಣಗಾಳಿ ಬೀಸುತ್ತದೆ. ಆಕಾಶ ನಿರ್ಮಲವಾಗಿರುತ್ತದೆ, ಮೋಡದ ಸುಳಿವಿಲ್ಲ, ಆದರೆ ಟೆಂಡರ್ ದೋಣಿ ಹಡಗಿನ ಪಕ್ಕ ನಿಲ್ಲಲಾರದಷ್ಟು ಅಲೆ. ಬಂದರು ಬಿಡುವ ಹಕ್ಕು ಕ್ಯಾಪ್ಟನ್‌ಗೆ ಉಂಟು ಎಂದು ಟಿಕೆಟ್ಟಿನ ಕರಾರಿನಲ್ಲೇ ಬರೆದಿರುತ್ತದೆ. ವಾಪಸ್ ಬರುವುದು ಬಂದರು ಶುಲ್ಕ ಮತ್ತು ಹಡಗಿನವರಿಂದ ಕೊಂಡ ಟೂರಿನ ದುಡ್ಡು ಮಾತ್ರ. ಹೊರಗಿನವರಿಗೆ ಮುಂಗಡ ಕೊಟ್ಟಿದ್ದರೆ ಅದು ಅವರ ನಿಯಮದ ಮೇಲೆ. ಟೆಂಡರ್ ಬಂದರಿಗೆ ರದ್ದತಿ ಸೌಲಭ್ಯ ಇರುವ ಟೂರನ್ನೇ ಕೊಳ್ಳಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಡಾಕ್ಟರನ್ನು ಕೇಳಿ ಊರಿನಿಂದಲೇ ಒಯ್ಯಬೇಕು, ಹಡಗು ತೂಗಲು ಶುರುವಾಗುವ ಮುಂಚೆಯೇ ನುಂಗಬೇಕು. ವಾಂತಿ ಬಂದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ.

ಸಮುದ್ರದ ದಿನ ಬಟ್ಟೆ ಒಗೆಸಿಕೊಳ್ಳಿ, ನಿದ್ದೆ ಮಾಡಿ. ಗ್ರೀಸ್ ಮತ್ತು ಟರ್ಕಿಗೆ ಬೇಸಿಗೆಯಲ್ಲಿ ಒಂದೇ ಗಡಿಯಾರ. ಕೊಟೊರ್‌ನಿಂದ ಆಚೆಗೆ ಒಂದು ಗಂಟೆ ಹಿಂದೆ. ಫೋನು ತಾನೇ ಬದಲಾಗುತ್ತದೆ, ಹಡಗಿನ ಗಡಿಯಾರ ಯಾವಾಗ ಬದಲಾಗುತ್ತದೆ ಎಂಬುದು ಆ ದಿನದ ಹಾಳೆಯಲ್ಲಿರುತ್ತದೆ. ಹತ್ತಬೇಕಾದ ಸಮಯವೆಲ್ಲ ಹಡಗಿನ ಗಡಿಯಾರದ್ದೇ. ಒಂದು ಸಾದಾ ಕೈಗಡಿಯಾರವನ್ನು ಅದಕ್ಕೇ ಹೊಂದಿಸಿ ಕಟ್ಟಿಕೊಳ್ಳುವುದು ಹಳೇ ಉಪಾಯ, ಕೆಲಸ ಮಾಡುತ್ತದೆ.

ಕೊರ್ಫುವಿನಲ್ಲಿ ಬಂದರಿನಿಂದ ಹಳೇ ಊರು ಎರಡು ಕಿ.ಮೀ., ಸಿಟಿ ಬಸ್ ಇದೆ. ಎರಡು ಕೋಟೆಗಳ ನಡುವೆ ವೆನಿಸ್‌ನವರು ಕಟ್ಟಿದ ಓಣಿಗಳು. ಕೋಟೆಯ ಎದುರಿನ ಸ್ಪಿಯಾನಾದ ಮೈದಾನದಲ್ಲಿ ಬ್ರಿಟಿಷರ ಆಳ್ವಿಕೆಯ ಕಾಲದಿಂದ, 1823ರಿಂದಲೂ, ಕ್ರಿಕೆಟ್ ಆಡುತ್ತ ಬಂದಿದ್ದಾರೆ. ಗ್ರೀಸಿನ ದ್ವೀಪವೊಂದರಲ್ಲಿ ಬಿಳಿ ಉಡುಪಿನ ಫೀಲ್ಡರುಗಳನ್ನು ಕಂಡರೆ ಗಾಬರಿಯಾಗಬೇಡಿ. ಅರ್ಧ ದಿನ ಸಾಕು.

ಮರುದಿನ ಕೊಟೊರ್. ಅಲಾರಂ ಇಟ್ಟು ಏಳಬೇಕಾದ ಒಂದೇ ಬೆಳಗು ಇದು. ಹಡಗು ಬೆಟ್ಟಗಳ ನಡುವಿನ ಕೊಲ್ಲಿಯೊಳಗೆ ನುಸುಳಿ ಊರು ಮುಟ್ಟಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ವೆರಿಗೆ ಎಂಬಲ್ಲಿ ದಡದಿಂದ ದಡಕ್ಕೆ ಬರೀ 340 ಮೀಟರ್. ದಾಟಿದ ಕೂಡಲೇ ಪೆರಾಸ್ಟ್ ಊರಿನೆದುರು ಎರಡು ಪುಟ್ಟ ದ್ವೀಪ. ಒಂದು ಸಹಜ, ಇನ್ನೊಂದು ಜನ ಶತಮಾನಗಳ ಕಾಲ ಕಲ್ಲು ಸುರಿದು, ಹಳೇ ಹಡಗುಗಳನ್ನು ಮುಳುಗಿಸಿ ಮಾಡಿದ್ದು. ಈಗಲೂ ಪ್ರತಿ ಜುಲೈ 22ರ ಸಂಜೆ ದೋಣಿಗಳಲ್ಲಿ ಹೋಗಿ ಕಲ್ಲು ಹಾಕುತ್ತಾರೆ. ಇದನ್ನು ನೋಡಲು ಹಡಗಿನ ಮುಂದಿನ ಮೇಲ್ಡೆಕ್ಕೇ ಸರಿ. ಬಾಲ್ಕನಿ ಕೊಂಡವರಿಗೂ ಅರ್ಧವೇ ಕಾಣುವುದು.

ಧಕ್ಕೆಯಲ್ಲಿ ಇಳಿದರೆ 1555ರ ಸಮುದ್ರದ ಬಾಗಿಲು ಐದು ನಿಮಿಷದ ನಡಿಗೆ. ಇಡೀ ದಾರಿಯಲ್ಲಿ ಇಷ್ಟು ಹತ್ತಿರದ ಹಳೇ ಊರಿಲ್ಲ. ದೊಡ್ಡ ಹಡಗಾದರೆ, ಅಥವಾ ಧಕ್ಕೆ ಖಾಲಿ ಇಲ್ಲದಿದ್ದರೆ, ಇಲ್ಲೂ ಟೆಂಡರ್. ಆದರೆ ಕೊಲ್ಲಿಯ ನೀರು ಕೆರೆಯಷ್ಟು ಶಾಂತ. ಊರಿನ ಹಿಂದೆಯೇ ಕೋಟೆ, ಸುಮಾರು 1,350 ಮೆಟ್ಟಿಲು. ಬೆಟ್ಟ ಪೂರ್ವಕ್ಕಿರುವುದರಿಂದ ಬೆಳಗಿನ ಹೊತ್ತು ಏರುದಾರಿಗೆ ನೆರಳು. ಹತ್ತು ಗಂಟೆ ಕಳೆದ ಮೇಲೆ ಬಿಸಿಲು ನೇರ ಬೀಳುತ್ತದೆ, ಸುಣ್ಣದಕಲ್ಲು ಕಾದು ಹಂಚಾಗುತ್ತದೆ. ಎಂಟಕ್ಕೆ ಹತ್ತಲು ಶುರು ಮಾಡಿ, ತಲೆಗೆ ಒಂದೂವರೆ ಲೀಟರ್ ನೀರು ಇರಲಿ. ತುದಿಯವರೆಗೆ ಆಗದಿದ್ದರೆ ನಡುದಾರಿಯ ಚಿಕ್ಕ ಚರ್ಚಿನ ಬಳಿಯೇ ನಿಲ್ಲಿ. ಫೋಟೊಗಳಲ್ಲಿ ಕಾಣುವ ಕೆಂಪು ಹೆಂಚಿನ ಊರು, ನೀಲಿ ಕೊಲ್ಲಿ ಅಲ್ಲಿಂದಲೇ ತೆಗೆದವು. ಸೇಂಟ್ ಟ್ರೈಫನ್ ಕೆಥೆಡ್ರಲ್ 1166ರದ್ದು. ಇಲ್ಲೂ ದುಬ್ರೊವ್ನಿಕ್ಕಿನ ಮಠಗಳಲ್ಲೂ ಭುಜ, ಮೊಣಕಾಲು ಮುಚ್ಚಿರಬೇಕು. ಚೀಲದಲ್ಲಿ ಒಂದು ದುಪಟ್ಟಾ ಇದ್ದರೆ ಎರಡಕ್ಕೂ ಆಗುತ್ತದೆ.

ದುಬ್ರೊವ್ನಿಕ್‌ನಲ್ಲಿ ಹಡಗು ಗ್ರುಜ್ ಬಂದರಿಗೆ ಬರುತ್ತದೆ. ಹಳೇ ಊರಿನ ಪಿಲೆ ಬಾಗಿಲಿಗೆ ಮೂರು ಕಿ.ಮೀ., ಸಿಟಿ ಬಸ್ಸಿನಲ್ಲಿ ಕಾಲು ಗಂಟೆ. ಹಡಗಿನ ಶಟಲ್‌ಗೆ ತೆರುವ ದುಡ್ಡು ಸುಮ್ಮನೆ. ಕೋಟೆಗೋಡೆಯ ಮೇಲಿನ ಸುತ್ತು 1,940 ಮೀಟರ್, ಮೆಟ್ಟಿಲು ಸೇರಿ ಎರಡು ಗಂಟೆ. ಒಮ್ಮುಖ ದಾರಿ, ನೆರಳಿಲ್ಲ. ಬರೀ ಗೋಡೆಯ ಟಿಕೆಟ್ಟಿಗೂ, ಬಸ್ಸು ಮತ್ತು ಮ್ಯೂಸಿಯಂಗಳು ಸೇರಿದ ಒಂದು ದಿನದ ಪಾಸಿಗೂ ಬೆಲೆ ಬಹುತೇಕ ಒಂದೇ. ಕೌಂಟರಿನಲ್ಲಿ ಕೇಳದೆ ಇದ್ದರೆ ಗೋಡೆಯದಷ್ಟೇ ಕೊಡುತ್ತಾರೆ. ಪಿಲೆ ಬಾಗಿಲಿನ ಒಳಗೆ 1438ರ ಒನೊಫ್ರಿಯೊ ಕಾರಂಜಿ ಇದೆ, ಕಲ್ಲಿನ ಮುಖಗಳ ಬಾಯಿಂದ ನೀರು ಬರುತ್ತದೆ. ಅಲಂಕಾರಕ್ಕಲ್ಲ, ಕುಡಿಯುವ ನೀರೇ. ಗೋಡೆ ಹತ್ತುವ ಮುಂಚೆ ಬಾಟಲಿ ತುಂಬಿಸಿಕೊಳ್ಳಿ, ಮೇಲಿನ ಅಂಗಡಿಗಳಲ್ಲಿ ನೀರಿನ ಬೆಲೆ ಕೇಳಿದರೆ ಬಾಯಾರಿಕೆಯೇ ಹಾರಿಹೋಗುತ್ತದೆ. ಪೂರ್ವದ ಪ್ಲೊಚೆ ಬಾಗಿಲಿನ ಹೊರಗೆ ಹೊರಗಿನಿಂದ ಬಂದವರನ್ನು ಪ್ರತ್ಯೇಕ ಇರಿಸುತ್ತಿದ್ದ ಉದ್ದನೆಯ ಕಟ್ಟಡಗಳಿವೆ. ಪ್ಲೇಗಿನ ಊರುಗಳಿಂದ ಬಂದವರು 30 ದಿನ ಹೊರಗಿರಬೇಕೆಂದು ಈ ಊರು 1377ರಲ್ಲೇ ಕಾಯಿದೆ ಮಾಡಿತ್ತು. ಕೋವಿಡ್ ಕಂಡ ಮೇಲೆ ಆ ಗೋಡೆಗಳ ಮುಂದೆ ತುಸು ಹೊತ್ತು ಹೆಚ್ಚೇ ನಿಲ್ಲುವಂತಾಗುತ್ತದೆ.

ಎಲ್ಲ ಬಂದರುಗಳಿಗೂ ಸಲ್ಲುವ ಒಂದು ಮಾತು. ಹಡಗಿನವರ ಟೂರಿನಲ್ಲಿ ಹೋದರೆ ಬಸ್ಸು ತಡವಾದರೂ ಹಡಗು ಕಾಯುತ್ತದೆ. ಸ್ವಂತವಾಗಿ ಹೋದರೆ ಕಾಯುವುದಿಲ್ಲ. ಹಾಗಾಗಿ ಎಫೆಸಸ್‌ನಂಥ ದೂರದ ಜಾಗಕ್ಕೆ ಹಡಗಿನ ಟೂರು, ಕೊಟೊರ್, ದುಬ್ರೊವ್ನಿಕ್, ಕೊರ್ಫುವಿಗೆ ಸ್ವಂತ ಕಾಲು ಎಂದು ಹಂಚಿಕೊಂಡರೆ ದುಡ್ಡೂ ಉಳಿಯುತ್ತದೆ, ಭಯವೂ ಇಲ್ಲ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಫೋಟೊ ಪುಟ, ವೀಸಾ ಪುಟಗಳ ನಕಲು ಜೇಬಿನಲ್ಲಿರಲಿ. ದಿನದ ಹಾಳೆಯಲ್ಲಿ ಮುದ್ರಿಸಿರುವ ಬಂದರು ಏಜೆಂಟರ ಫೋನ್ ನಂಬರನ್ನು ಇಳಿಯುವ ಮುಂಚೆ ಫೋಟೊ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮೊದಲು ಹುಡುಕಬೇಕಾದವರು ಅವರೇ.

ಕೊನೆಯ ರಾತ್ರಿ ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಬೇಕು. ಮರುದಿನದ ಬಟ್ಟೆಯನ್ನೂ ಅದರಲ್ಲೇ ತುಂಬಿ ಕೊಟ್ಟು ಬೆಳಗ್ಗೆ ರಾತ್ರಿಯುಡುಪಿನಲ್ಲಿ ಪರದಾಡುವವರು ಪ್ರತಿ ಹಡಗಿನಲ್ಲೂ ಇರುತ್ತಾರೆ. ಬಿಲ್ಲು ಬಾಗಿಲಡಿ ಬರುತ್ತದೆ ಅಥವಾ ಆ್ಯಪ್‌ನಲ್ಲಿ ಕಾಣುತ್ತದೆ. ತಕರಾರಿದ್ದರೆ ರಾತ್ರಿಯೇ ಹೇಳಿ, ಬೆಳಗಿನ ಸಾಲಿನಲ್ಲಿ ಕೇಳುವವರಿಲ್ಲ. ಎಂಟರ ಹೊತ್ತಿಗೆ ಕ್ಯಾಬಿನ್ ಖಾಲಿ ಮಾಡಿಸುತ್ತಾರೆ.

ಇಳಿಯುವುದು ಪೋರ್ಟೊ ಕೊರ್ಸಿನಿಯಲ್ಲಿ, ರವೆನ್ನಾ ಊರಿಗೆ ಹನ್ನೆರಡು ಹದಿಮೂರು ಕಿ.ಮೀ. 2021ರ ಆಗಸ್ಟಿನಿಂದ 25,000 ಟನ್ನಿಗಿಂತ ದೊಡ್ಡ ಹಡಗುಗಳು ವೆನಿಸ್‌ನ ಜೂದೆಕ್ಕಾ ಕಾಲುವೆಗೆ ಬರುವಂತಿಲ್ಲ. ‘ವೆನಿಸ್’ ಇಲ್ಲಿಗೆ ಬಂದದ್ದು ಅದರಿಂದ. ನಿಜವಾದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು. ಅದೇ ದಿನ ಸಂಜೆಯ ವಿಮಾನ ಇಟ್ಟುಕೊಂಡು ವೆನಿಸ್‌ಗೆ ಓಡುವವರು ಸೇಂಟ್ ಮಾರ್ಕ್ ಚೌಕದಲ್ಲಿ ಒಂದು ಗಂಟೆ ಬೆವರು ಸುರಿಸಿ ಹಿಂತಿರುಗುತ್ತಾರೆ. ವೆನಿಸ್ ಬೇಕಿದ್ದರೆ ಎರಡು ರಾತ್ರಿ ಅದಕ್ಕೇ ಇಡಿ. ಇಲ್ಲವಾದರೆ ರವೆನ್ನಾದಲ್ಲೇ ಉಳಿಯಿರಿ: 547ರಲ್ಲಿ ಪ್ರತಿಷ್ಠಾಪನೆಯಾದ ಸಾನ್ ವಿತಾಲೆ ಚರ್ಚಿನಲ್ಲಿ ಚಕ್ರವರ್ತಿ ಜಸ್ಟಿನಿಯನ್, ರಾಣಿ ಥಿಯೋಡೊರಾ ಇಬ್ಬರೂ ಗಾಜಿನ ಮೊಸಾಯಿಕ್‌ನಲ್ಲಿ ನಿಂತಿದ್ದಾರೆ, ಪಕ್ಕದ ಗಾಲಾ ಪ್ಲಾಚಿದಿಯಾ ಗೋರಿಯ ನೀಲಿ ಚಾವಣಿ ಅದಕ್ಕಿಂತಲೂ ಹಳೆಯದು. ಎರಡೂ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ, ಜೋಡಿ ಟಿಕೆಟ್ಟು ಸಿಗುತ್ತದೆ. ಗಾಲಾ ಪ್ಲಾಚಿದಿಯಾಕ್ಕೆ ಮಾತ್ರ ಸಮಯ ಕಾಯ್ದಿರಿಸಬೇಕು. ಬೊಲೊನ್ಯಾಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ. ಊರಿಗೆ ಹೊರಡುವ ವಿಮಾನವನ್ನು ಅಲ್ಲಿಂದ, ಸಂಜೆ ಐದರ ನಂತರದ್ದು ಹಿಡಿದರೆ ಹಡಗಿನಿಂದ ಇಳಿದ ಮೇಲೆ ನಾಲ್ಕೈದು ಗಂಟೆಗಳ ಸಮಯ ರವೆನ್ನಾಕ್ಕೆ ಸಿಗುತ್ತದೆ.